ಹಾಡಬಾರದ ಒಂದು ಸಾಲು: ಬಸ್ಸಾನಿಯವರ ತೋಟ ಒಪೆರಾ ಆದಾಗ

ಇಟಲಿಯ ಲೇಖಕ ಜಾರ್ಜೋ ಬಸ್ಸಾನಿಯವರ ಒಂದು ಕಾದಂಬರಿಯಲ್ಲಿ ಮುಖ್ಯವಾದ ಯಹೂದಿ ಮನೆಯವರನ್ನು 1943ರಲ್ಲಿ ಹಿಡಿದು ಜರ್ಮನಿಗೆ ಸಾಗಿಸುತ್ತಾರೆ. ಅಪ್ಪ, ಅಮ್ಮ, ಮುದುಕಿ ಅಜ್ಜಿ, ಮಗಳು. ಅವರು ಹೇಗೆ ಸತ್ತರು ಅಂತ ಪುಸ್ತಕ ವರ್ಣಿಸುವುದಿಲ್ಲ. ಅವರಿಗೆ ಒಂದು ಗೋರಿಯಾದರೂ ಸಿಕ್ಕಿತೋ ಇಲ್ಲವೋ ಯಾರು ಬಲ್ಲರು ಅಂತ ಒಂದು ಸಾಲಿನಲ್ಲಿ ಹೇಳಿ ಸುಮ್ಮನಾಗುತ್ತದೆ. ಆ ಸಾಲು ಬರುವುದೂ ಶುರುವಿನ ಕೆಲವು ಪುಟಗಳಲ್ಲೇ. ಉಳಿದ ಪುಸ್ತಕದ ತುಂಬ ಟೆನಿಸ್, ಟೆಲಿಫೋನ್, ಓದು, ಪ್ರೀತಿ, ಮುನಿಸು.

ಇದನ್ನು ಒಪೆರಾ, ಅಂದರೆ ಉದ್ದಕ್ಕೂ ಹಾಡಿನಲ್ಲೇ ನಡೆಯುವ ನಾಟಕ, ಮಾಡಬೇಕು. ಒಪೆರಾದಲ್ಲಿ ಸಾಯುವವರು ಸಾಯುವ ಮುಂಚೆ ಹತ್ತು ನಿಮಿಷ ಹಾಡುತ್ತಾರೆ. ಪ್ರೇಕ್ಷಕರು ಕಾಯುವುದೇ ಅದಕ್ಕೆ. ಸಾವನ್ನು ಒಂದು ಸಾಲಿನಲ್ಲಿ ಮುಗಿಸುವ ಪುಸ್ತಕವನ್ನು ಅಂಥ ಕಲೆಗೆ ಒಪ್ಪಿಸಿದರೆ ಏನಾಗುತ್ತದೆ? ನನ್ನನ್ನು ಈ ಪ್ರಕರಣಕ್ಕೆ ಎಳೆದದ್ದು ಈ ಪ್ರಶ್ನೆ.

ಕಾದಂಬರಿಯ ಹೆಸರು 'ಫಿಂಟ್ಸಿ-ಕೊಂತಿನಿಗಳ ತೋಟ'. ಇಟಲಿಯಲ್ಲಿ 1962ರಲ್ಲಿ ಬಂತು, ಅದೇ ವರ್ಷ ವಿಯರೆಜ್ಜೊ ಪ್ರಶಸ್ತಿ ಪಡೆಯಿತು. ಅದರ ಒಪೆರಾಕ್ಕೆ ಸಂಗೀತ ರಿಕಿ ಇಯಾನ್ ಗೋರ್ಡನ್ ಅವರದು, ಸಾಹಿತ್ಯ ಮೈಕೆಲ್ ಕೋರಿ ಅವರದು. ಈ ಜೋಡಿ ಅದಕ್ಕೂ ಮುಂಚೆ, 2007ರಲ್ಲಿ, ಒಂದು ದೊಡ್ಡ ಅಮೆರಿಕನ್ ಕಾದಂಬರಿಯನ್ನು ಒಪೆರಾ ಮಾಡಿ ಪಳಗಿತ್ತು. ಈ ಒಪೆರಾ ಮೊದಲು ರಂಗಕ್ಕೆ ಬಂದದ್ದು 2022ರ ಜನವರಿ 27ರಂದು. ನ್ಯೂಯಾರ್ಕ್ ಸಿಟಿ ಒಪೆರಾ ಮತ್ತು 1915ರಿಂದ ಯಿಡ್ಡಿಶ್ (ಪೂರ್ವ ಯುರೋಪಿನ ಯಹೂದಿಗಳ ಭಾಷೆ) ನಾಟಕ ಆಡಿಕೊಂಡು ಬಂದಿರುವ ಫೋಕ್ಸ್‌ಬೀನೆ ತಂಡ ಸೇರಿ ಮಾಡಿದವು. 1945ರಲ್ಲಿ ಆಶ್‌ವಿಟ್ಸ್ ಎಂಬ ನಾಜಿಗಳ ಕೊಲೆಶಿಬಿರ ಬಿಡುಗಡೆಯಾದದ್ದು ಅದೇ ಜನವರಿ 27ರಂದು.

ಜಾಗದ ಬಗ್ಗೆಯೂ ಸ್ವಲ್ಪ ಹೇಳಬೇಕು. ಮ್ಯಾನ್‌ಹಟನ್‌ನ ದಕ್ಷಿಣ ತುದಿಯಲ್ಲಿ ಯಹೂದಿ ಪರಂಪರೆಯ ಮ್ಯೂಸಿಯಂ ಇದೆ. ಆರು ಮೂಲೆಯ ಕಟ್ಟಡ. ಒಪೆರಾ ನಡೆದದ್ದು ಅದರೊಳಗಿನ ಸಭಾಂಗಣದಲ್ಲಿ, ಅಲ್ಲಿ ಸುಮಾರು 375 ಸೀಟು. ಅದೇ ಊರಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ 3,800ರ ಹತ್ತಿರ. ಅಂದರೆ ಇಲ್ಲಿ ಗಾಯಕರ ಉಸಿರು ಕೂಡ ಕೇಳುತ್ತದೆ. ಮ್ಯೂಸಿಯಂನಲ್ಲೇ ಒಂದು ತೋಟವೂ ಇದೆ. 2003ರಲ್ಲಿ ಆಂಡಿ ಗೋಲ್ಡ್ಸ್‌ವರ್ತಿ ಎಂಬ ಕಲಾವಿದ 18 ಬಂಡೆಗಳನ್ನು ಕೊರೆದು, ಒಂದೊಂದರೊಳಗೂ ಒಂದು ಓಕ್ ಸಸಿ ಇರಿಸಿದರು. ಹೀಬ್ರೂ ಅಕ್ಷರಗಳ ಲೆಕ್ಕದಲ್ಲಿ 18 ಅಂದರೆ 'ಬದುಕು'. ಹೆಸರಲ್ಲೇ ತೋಟ ಇರುವ ಕಥೆಗೆ ಇದಕ್ಕಿಂತ ಒಳ್ಳೆಯ ನೆರೆಮನೆ ಸಿಗುವುದು ಕಷ್ಟ.

ಊರು ಮತ್ತು ಕಾನೂನು

ಕಥೆ ನಡೆಯುವುದು ಉತ್ತರ ಇಟಲಿಯ ಫೆರಾರಾದಲ್ಲಿ. ಹಳೆಯ ಊರು, ಸುತ್ತ ಕೋಟೆಗೋಡೆ, ಬೇಸಿಗೆಯಲ್ಲಿ ಸೆಕೆ, ಚಳಿಗಾಲದಲ್ಲಿ ಮಂಜು. ನೂರಾರು ವರ್ಷದಿಂದ ಅಲ್ಲಿ ಯಹೂದಿಗಳಿದ್ದರು. 20ನೇ ಶತಮಾನದ ಹೊತ್ತಿಗೆ ಅವರು ಊರಿನ ವಕೀಲರು, ಡಾಕ್ಟರು, ಜಮೀನ್ದಾರರು ಆಗಿಹೋಗಿದ್ದರು. ಹೊರಗಿನವರಿಗೆ ನಂಬಲು ಕಷ್ಟವಾಗುವ ಸಂಗತಿ ಇನ್ನೊಂದು. ಅವರಲ್ಲಿ ಅನೇಕರು ಫ್ಯಾಸಿಸ್ಟ್ ಪಕ್ಷದ ಸದಸ್ಯರಾಗಿದ್ದರು. 1926ರಿಂದ 1938ರವರೆಗೆ ಫೆರಾರಾದ ನಗರಾಧಿಪತಿಯಾಗಿದ್ದ ರೆಂಜೊ ರಾವೆನ್ನಾ ಯಹೂದಿ. ಫ್ಯಾಸಿಸ್ಟ್ ಸರ್ವಾಧಿಕಾರಿ ಮುಸ್ಸೊಲಿನಿಯ ಬಲಗೈಯಂತಿದ್ದ ಇತಾಲೊ ಬಾಲ್ಬೊ ಅವರ ಗೆಳೆಯ.

1938ರ ಶರತ್ಕಾಲದಲ್ಲಿ ಎಲ್ಲ ತಲೆಕೆಳಗಾಯಿತು. ಸೆಪ್ಟೆಂಬರ್‌ನಲ್ಲಿ ಯಹೂದಿ ಮಕ್ಕಳನ್ನೂ ಮೇಷ್ಟ್ರುಗಳನ್ನೂ ಸರ್ಕಾರಿ ಶಾಲೆಯಿಂದ ಹೊರಹಾಕಿದರು. ನವೆಂಬರ್ 17ರ ಆಜ್ಞೆ ಬಂದ ಮೇಲೆ ಯಹೂದಿಯಲ್ಲದವರ ಜೊತೆ ಮದುವೆ ಇಲ್ಲ, ಸರ್ಕಾರಿ ಕೆಲಸ ಇಲ್ಲ, ಇಂತಿಷ್ಟಕ್ಕಿಂತ ಜಾಸ್ತಿ ಆಸ್ತಿ ಇಲ್ಲ.

ಬಸ್ಸಾನಿಯವರಿಗೆ ಆಗ 22 ವರ್ಷ. ಫೆರಾರಾದ ಟೆನಿಸ್ ಕ್ಲಬ್ಬಿನಿಂದ ಅವರನ್ನು ಹೊರಗಟ್ಟಿದರು. ಮೊದಲ ಪುಸ್ತಕವನ್ನು 1940ರಲ್ಲಿ ಬೇರೆ ಹೆಸರಿನಲ್ಲಿ ಅಚ್ಚು ಹಾಕಿಸಬೇಕಾಯಿತು. ಫ್ಯಾಸಿಸಂ ವಿರುದ್ಧ ಕೆಲಸ ಮಾಡಿದ್ದಕ್ಕೆ 1943ರ ಮೇ ತಿಂಗಳಲ್ಲಿ ಪಿಯಾಂಜಿಪಾನೆ ಬೀದಿಯ ಜೈಲಿಗೆ ಹೋದರು. ಜುಲೈನಲ್ಲಿ ಮುಸ್ಸೊಲಿನಿ ಬಿದ್ದ ಮರುದಿನ ಹೊರಬಂದರು. ಕೆಲವೇ ತಿಂಗಳಲ್ಲಿ ಜರ್ಮನ್ನರು ಇಟಲಿಯನ್ನು ಹಿಡಿದರು. ಕಾದಂಬರಿಯಲ್ಲಿ ಫಿಂಟ್ಸಿ-ಕೊಂತಿನಿಗಳನ್ನು ಮೊದಲು ಕೂಡಿಹಾಕುವುದು ಅದೇ ಜೈಲಿನಲ್ಲಿ. ಅಲ್ಲಿಂದ ಇಟಲಿಯಲ್ಲೇ ಇದ್ದ ಫೊಸ್ಸೊಲಿ ಸೆರೆಶಿಬಿರ, ಅಲ್ಲಿಂದ ಮುಂದಕ್ಕೆ. ಆ ಜೈಲು ಈಗ ಇಟಲಿಯ ಯಹೂದಿ ಬದುಕಿನ ರಾಷ್ಟ್ರೀಯ ಮ್ಯೂಸಿಯಂ.

ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಫಿಂಟ್ಸಿ-ಕೊಂತಿನಿಗಳು ಶ್ರೀಮಂತರು. ದೊಡ್ಡ ಗೋಡೆಯ ಒಳಗೆ ದೊಡ್ಡ ತೋಟ. ಊರಿನ ಬೇರೆ ಯಹೂದಿಗಳ ಜೊತೆಗೂ ಅವರ ಬಳಕೆ ಕಡಿಮೆ. ಕ್ಲಬ್ಬಿನಿಂದ ಯಹೂದಿ ಹುಡುಗ ಹುಡುಗಿಯರನ್ನು ಹೊರಗೆ ಹಾಕಿದಾಗ, ಈ ಮನೆಯ ಮಕ್ಕಳಾದ ಆಲ್ಬೆರ್ತೊ ಮತ್ತು ಮಿಕೋಲ್ ತಮ್ಮ ಮನೆಯ ಟೆನಿಸ್ ಅಂಗಳಕ್ಕೆ ಅವರನ್ನು ಕರೆಯುತ್ತಾರೆ. ಕಥೆ ಹೇಳುವ ಹುಡುಗ ಮಿಕೋಲ್‌ಳನ್ನು ಪ್ರೀತಿಸುತ್ತಾನೆ. ಅವಳು ಒಲ್ಲೆ ಅನ್ನುತ್ತಾಳೆ. ಮಿಲಾನ್‌ನಿಂದ ಬಂದ ಮಾಲ್ನಾತೆ ಎಂಬ ಗೆಳೆಯನೂ ಇದ್ದಾನೆ, ಕಮ್ಯುನಿಸ್ಟ್ ಒಲವಿನವನು. ಆಲ್ಬೆರ್ತೊ 1942ರಲ್ಲಿ ಕಾಯಿಲೆಯಿಂದ ಸಾಯುತ್ತಾನೆ. ಮಾಲ್ನಾತೆ ರಷ್ಯಾದ ಯುದ್ಧಕ್ಕೆ ಹೋದವನು ವಾಪಸ್ ಬರುವುದಿಲ್ಲ.

ಭಾಗವತರಿಲ್ಲದ ಆಟ

ಮೊದಲ ತೊಡಕು ಕಥೆ ಹೇಳುವವನದು. ಪುಸ್ತಕದಲ್ಲಿ 'ನಾನು' ಅಂತ ಹೇಳುವವನಿಗೆ ಹೆಸರೇ ಇಲ್ಲ. ಅವನು 1957ರಲ್ಲಿ ನಿಂತು 1938ನ್ನು ನೋಡುತ್ತಿದ್ದಾನೆ. ಕೊನೆ ಏನಾಯಿತು ಅಂತ ಅವನಿಗೆ ಗೊತ್ತು, ನಮಗೂ ಗೊತ್ತು. ಆದರೆ ಟೆನಿಸ್ ಆಡುತ್ತಿರುವ ಹುಡುಗರಿಗೆ ಗೊತ್ತಿಲ್ಲ. ಪುಸ್ತಕ ಚುಚ್ಚುವುದು ಇಲ್ಲೇ.

ಯಕ್ಷಗಾನದಲ್ಲಾದರೆ ಇದಕ್ಕೆ ದಾರಿ ಇದೆ. ಪಾತ್ರಕ್ಕೆ ಗೊತ್ತಿಲ್ಲದ್ದು ಭಾಗವತರಿಗೆ ಗೊತ್ತಿರುತ್ತದೆ. ಅವರು ಪಕ್ಕದಲ್ಲಿ ಕೂತು ಹಾಡುತ್ತಾರೆ, ವೇಷ ಕುಣಿಯುತ್ತದೆ, ಮಾತಾಡುತ್ತದೆ. ಒಪೆರಾದಲ್ಲಿ ಪಾತ್ರವೇ ಹಾಡಬೇಕು, ಅದೂ 'ಈಗ'. ಟೆನರ್, ಅಂದರೆ ಎತ್ತರದ ಗಂಡುದನಿಯ ಗಾಯಕ, ಬಾಯಿ ತೆರೆದ ಕೂಡಲೇ ಅವನು 22ರ ಹುಡುಗ. ನೆನಪಿಸಿಕೊಳ್ಳುತ್ತಿರುವ 41ರ ಗಂಡಸು ಮಾಯ.

ನ್ಯೂಯಾರ್ಕಿನಲ್ಲಿ ಈ ಪಾತ್ರಕ್ಕೆ ಜಾರ್ಜೋ ಅಂತ ಹೆಸರಿಟ್ಟರು. 1970ರ ಸಿನಿಮಾ ಕೂಡ ಅದನ್ನೇ ಮಾಡಿತ್ತು. ಆಂಥನಿ ಚಾರಾಮಿಟಾರೊ ಹಾಡಿದರು. ಮಿಕೋಲ್ ಆಗಿ ಎತ್ತರದ ಹೆಣ್ಣುದನಿಯ (ಸೊಪ್ರಾನೊ) ರೇಚಲ್ ಬ್ಲಾವ್‌ಸ್ಟೈನ್. ಹೆಸರಿಡದೆ ವಿಧಿಯಿಲ್ಲ, ಒಪ್ಪುತ್ತೇನೆ. ರಂಗದ ಮೇಲೆ ಯಾರಾದರೂ ಅವನನ್ನು ಕರೆಯಲೇಬೇಕಲ್ಲ. ಆದರೆ ಲೇಖಕನ ಹೆಸರೇ ಅವನಿಗೆ ಬಂದ ಮೇಲೆ, ನೋಡುವವರು ಇದನ್ನು ಬಸ್ಸಾನಿಯವರ ಆತ್ಮಕಥೆ ಅಂದುಕೊಳ್ಳುತ್ತಾರೆ. ಪುಸ್ತಕ ಬಲು ಜಾಣತನದಿಂದ ಬಿಟ್ಟ ಅಂತರ ಅಲ್ಲಿ ಮುಚ್ಚಿಹೋಗುತ್ತದೆ.

ಇದೇ ತೊಡಕನ್ನು ಬೇರೊಬ್ಬರು ಬೇರೆ ಥರ ಬಿಡಿಸಿದ್ದಾರೆ. ಇಂಗ್ಲಿಷ್ ಸಂಗೀತಗಾರ ಬೆಂಜಮಿನ್ ಬ್ರಿಟನ್ 1973ರಲ್ಲಿ ವೆನಿಸ್‌ನ ಒಂದು ಸಾವಿನ ಕಥೆಯನ್ನು ಒಪೆರಾ ಮಾಡಿದಾಗ, ನಾಯಕ ತನ್ನೊಳಗೆ ತಾನು ಮಾತಾಡಿಕೊಳ್ಳುವ ಕಡೆಗಳಲ್ಲಿ ಆರ್ಕೆಸ್ಟ್ರಾವನ್ನು ನಿಲ್ಲಿಸಿ ಬರೀ ಪಿಯಾನೊ ಇಟ್ಟರು. ಪಿಯಾನೊ ಬಂತು ಅಂದರೆ ಇದು ಮನಸ್ಸಿನ ಮಾತು. ಅವನು ಮೋಹಿಸುವ ಹುಡುಗನಿಗಂತೂ ಹಾಡೇ ಇಲ್ಲ, ಬರೀ ಕುಣಿತ. ಒಂದು ಸಣ್ಣ ಗುರುತು ಇಟ್ಟುಕೊಂಡರೆ ಸಾಕು, ಹೇಳುವವನೂ ಆಡುವವನೂ ಒಂದೇ ಗಂಟಲಲ್ಲಿ ಇರಬಹುದು.

ಖಳನಿಲ್ಲ

ಇಟಲಿಯ ಒಪೆರಾ ಅಂದರೆ ಒಬ್ಬ ಖಳ ಬೇಕೇ ಬೇಕು. 'ತೋಸ್ಕಾ'ದಲ್ಲಿ ಪೊಲೀಸ್ ಮುಖ್ಯಸ್ಥ ಸ್ಕಾರ್ಪಿಯಾ ಇಲ್ಲದಿದ್ದರೆ ನಾಟಕವೇ ಇಲ್ಲ. ಬಸ್ಸಾನಿಯವರ ಕಾದಂಬರಿಯಲ್ಲಿ ಅಂಥವನು ಇಲ್ಲ. ಕ್ಲಬ್ಬಿನಿಂದ ಒಂದು ಪತ್ರ ಬರುತ್ತದೆ. ಸಾರ್ವಜನಿಕ ಗ್ರಂಥಾಲಯದಲ್ಲಿ, ಹುಡುಗ ವರ್ಷಗಟ್ಟಲೆ ಕೂತು ಓದಿದ ಜಾಗದಲ್ಲಿ, ಎದ್ದು ಹೋಗು ಅನ್ನುತ್ತಾರೆ. ಯಾರೂ ಕೂಗಾಡುವುದಿಲ್ಲ. ಮಿಕೋಲ್‌ಳ ಅಪ್ಪ ಎರ್ಮಾನ್ನೊ ತಮ್ಮ ಮನೆಯ ಲೈಬ್ರರಿಯನ್ನೇ ಅವನಿಗೆ ತೆರೆದುಕೊಡುತ್ತಾರೆ. ಅದು ಎಷ್ಟು ಹಿತವಾಗಿದೆ ಅಂದರೆ ಹೊರಗೆ ಏನಾಗುತ್ತಿದೆ ಅಂತ ಮರೆತೇ ಹೋಗುತ್ತದೆ. ಗೋಡೆಯೊಳಗೆ ಇರುವಷ್ಟು ಹೊತ್ತು ಅವರಿಗೆಲ್ಲ ಸುಖವೇ, ಅಪಾಯ ಅಡಗಿದ್ದದ್ದು ಆ ಸುಖದಲ್ಲೇ.

ರಂಗಕರ್ಮಿಗೆ ಇಲ್ಲಿ ಕೈ ತುರಿಸುತ್ತದೆ. ಕಪ್ಪು ಅಂಗಿಯ ನಾಲ್ಕು ಜನ ಫ್ಯಾಸಿಸ್ಟರನ್ನು ಬೂಟು ಕುಟ್ಟುತ್ತಾ ತಂದರೆ ಪ್ರೇಕ್ಷಕರಿಗೆ ಕೂಡಲೇ ಅರ್ಥವಾಗುತ್ತದೆ. ಆದರೆ ಹಾಗೆ ಮಾಡಿದರೆ ಫೆರಾರಾ ಸುಲಭವಾಗಿಬಿಡುತ್ತದೆ. ಹುಡುಗನ ಅಪ್ಪನೇ ಮೊದಲು ಫ್ಯಾಸಿಸ್ಟ್ ಪಕ್ಷದಲ್ಲಿದ್ದವನು. ಮುಸ್ಸೊಲಿನಿ ಹಿಟ್ಲರನಂತಲ್ಲ ಅಂತ ಕೊನೆವರೆಗೂ ನಂಬಲು ಹೆಣಗಿದವನು. ಅವನನ್ನು ಯಾವ ಬಣ್ಣದಲ್ಲಿ ಹಾಡಿಸುತ್ತೀರಿ?

ನನ್ನನ್ನು ಕೇಳಿದರೆ ಇಡೀ ಒಪೆರಾದ ಅತ್ಯಂತ ಶ್ರೀಮಂತ ಜಾಗ ಈ ಅಪ್ಪನದು. ಕೊನೆಯ ಕಡೆ ಒಂದು ರಾತ್ರಿ, ಮಗ ಪ್ರೀತಿಯಲ್ಲಿ ಸೋತು ಮನೆಗೆ ಬಂದಾಗ, ಅಪ್ಪ ಎಚ್ಚರವಾಗಿದ್ದಾನೆ. ಬದುಕನ್ನು ತಿಳಿಯಬೇಕಾದರೆ ಒಂದು ಸಲವಾದರೂ ಸಾಯಬೇಕು, ಅದು ಚಿಕ್ಕ ವಯಸ್ಸಿನಲ್ಲೇ ಆಗಿಬಿಟ್ಟರೆ ಒಳ್ಳೆಯದು, ಮತ್ತೆ ಎದ್ದು ನಿಲ್ಲಲು ಸಮಯ ಇರುತ್ತದೆ ಅನ್ನುತ್ತಾನೆ. ಅಪ್ಪ ಮಕ್ಕಳ ದ್ವಂದ್ವಗಾನದಲ್ಲಿ ಇಟಲಿಯ ಒಪೆರಾ ಸಂಗೀತಗಾರ ವೆರ್ದಿಯನ್ನು ಮೀರಿಸಿದವರಿಲ್ಲ. ಆ ಪರಂಪರೆ ಕೈಗೆ ಕೊಟ್ಟ ಹಾಗಿದೆ. ತಪ್ಪು ಪಕ್ಷ ನಂಬಿದ ಗಂಡಸು, ಸರಿಯಾದ ಮಾತು ಆಡುತ್ತಿದ್ದಾನೆ. ಮಗನಿಗೆ ಮತ್ತೆ ಏಳಲು ಸಮಯ ಸಿಗುತ್ತದೆ. ಊರಿನ ಬೇರೆಯವರಿಗೆ ಸಿಗುವುದಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ, ಕೆಳಗೆ ಚೆಲ್ಲೊ ಒಂದು ಸ್ವರ ಹಿಡಿದು ನಿಂತರೆ ಸಾಕು.

ವೆರ್ದಿ ಅಂದಾಗ ಇನ್ನೊಂದು ನೆನಪಾಯಿತು. ಇಟಲಿಯವರು ರಾಷ್ಟ್ರಗೀತೆಯಷ್ಟೇ ಪ್ರೀತಿಸುವ ಕೋರಸ್ 1842ರ 'ನಬುಕ್ಕೊ' ಒಪೆರಾದ್ದು. ಅದನ್ನು ಹಾಡುವವರು ಬಾಬಿಲೋನಿನಲ್ಲಿ ಸೆರೆಯಾದ ಯಹೂದಿಗಳು. ಆ ಹಾಡನ್ನು ಎದೆಗೆ ಹಚ್ಚಿಕೊಂಡ ದೇಶವೇ 96 ವರ್ಷದ ಮೇಲೆ ಈ ಕಾನೂನು ತಂದಿತು. ಮಿಲಾನ್‌ನಲ್ಲಿ ಆಲ್ದೊ ಫಿಂಟ್ಸಿ ಎಂಬ ಯಹೂದಿ ಸಂಗೀತಗಾರರಿದ್ದರು, ನಮ್ಮ ಕಥೆಯ ಮನೆತನಕ್ಕೂ ಅವರಿಗೂ ಹೆಸರಿನ ಹೋಲಿಕೆ ಅಷ್ಟೇ. 'ಗಾಳಿಗೆ ಹಾಡಿದ ಸೆರೆನೇಡ್' ಎಂಬ ಅವರ ಒಪೆರಾ ಈ ಕಾನೂನುಗಳಿಂದಾಗಿ ರಂಗ ಏರಲಿಲ್ಲ. ಅವರು 1945ರಲ್ಲಿ ತೀರಿಕೊಂಡರು. ಒಪೆರಾ ಬೆರ್ಗಾಮೊದಲ್ಲಿ ಮೊದಲ ಪ್ರದರ್ಶನ ಕಂಡದ್ದು 2012ರಲ್ಲಿ.

ಪುಸ್ತಕದಲ್ಲೇ ಇರುವ ಸಂಗೀತ

ಬಸ್ಸಾನಿಯವರು ಹುಡುಗನಾಗಿದ್ದಾಗ ಪಿಯಾನೊ ವಾದಕ ಆಗಬೇಕು ಅಂದುಕೊಂಡಿದ್ದರು. ಆಮೇಲೆ ಸಾಹಿತ್ಯಕ್ಕೆ ಬಂದರು. ಪುಸ್ತಕ ಓದುವಾಗ ಆ ಕಿವಿ ಗೊತ್ತಾಗುತ್ತದೆ.

ಆಲ್ಬೆರ್ತೊ ಮತ್ತು ಮಿಕೋಲ್ ತಮ್ಮದೇ ಒಂದು ಧಾಟಿಯಲ್ಲಿ ಮಾತಾಡುತ್ತಾರೆ. ಕೆಲವು ಪದಗಳನ್ನು ಬೇಕೆಂದೇ ಎಳೆದು, ಒತ್ತಿ, ಬೇರೆಯವರಿಗೆ ಕಾಣದ ಏನೋ ರುಚಿ ಅದರಲ್ಲಿದೆ ಎಂಬ ಹಾಗೆ. ಅಣ್ಣ ತಂಗಿ ಸೇರಿ ಕಟ್ಟಿಕೊಂಡ ಗುಟ್ಟಿನ ಭಾಷೆ ಅಂತ ಅನ್ನಿ. ಮಿಕೋಲ್ ಅದಕ್ಕೆ ಮನೆತನದ ಹೆಸರನ್ನೇ ಇಟ್ಟಿದ್ದಾಳೆ. ಸಂಗೀತಗಾರನಿಗೆ ಇದಕ್ಕಿಂತ ಏನು ಬೇಕು? ಎಲ್ಲರೂ ಹಾಡುತ್ತಿರುವ ಲೋಕದಲ್ಲಿ ಇಬ್ಬರು ಮಾತ್ರ ಬೇರೆ ರೀತಿ ಹಾಡುತ್ತಾರೆ. ಆಲ್ಬೆರ್ತೊ ಸತ್ತ ದಿನ ಆ ಭಾಷೆಗೆ ಒಬ್ಬಳೇ ಉಳಿಯುತ್ತಾಳೆ.

ಟೆಲಿಫೋನ್ ಕೂಡ ಇದೆ. ಮಿಕೋಲ್ ತನ್ನ ಕೋಣೆಯನ್ನು ಹುಡುಗನಿಗೆ ಮೊದಲು ತೋರಿಸುವುದು ಫೋನಿನಲ್ಲಿ, ಮಾತಿನಲ್ಲೇ. ಹಾಲಿನ ಬಣ್ಣದ ವೆನಿಸ್ ಗಾಜಿನ ಸಾಮಾನುಗಳನ್ನು ಅವಳು ಕೂಡಿಟ್ಟಿದ್ದಾಳೆ, ಅವನ್ನೆಲ್ಲ ವರ್ಣಿಸುತ್ತಾಳೆ. ಫ್ರೆಂಚ್ ಸಂಗೀತಗಾರ ಪುಲೆಂಕ್ 1959ರಲ್ಲಿ ಒಂದು ಇಡೀ ಒಪೆರಾವನ್ನು ಒಬ್ಬ ಹೆಂಗಸಿನ ಫೋನ್ ಕರೆಯಲ್ಲೇ ಮುಗಿಸಿದ್ದರು, ಆದ್ದರಿಂದ ಇದು ಆಗದ ಕೆಲಸವಲ್ಲ. ಅಷ್ಟು ದೊಡ್ಡ ತೋಟವನ್ನು ರಂಗದ ಮೇಲೆ ತರಲು ಆಗುವುದಿಲ್ಲ, ಆದರೆ ಒಂದು ದನಿಯಲ್ಲಿ ಒಂದು ಕೋಣೆ ತರಬಹುದು.

ಟೆನಿಸ್ ಮಾತ್ರ ತಲೆನೋವು. ಎತ್ತರದ ಸ್ವರ ಹಿಡಿಯುತ್ತಾ ಯಾರೂ ಬ್ಯಾಟು ಬೀಸಲಾರರು. ಬೀಸಿದರೂ ನಗು ಬರುತ್ತದೆ. ಚೆಂಡಿನ ಸದ್ದನ್ನು ತಾಳವಾದ್ಯಕ್ಕೆ ಕೊಟ್ಟು, ಆಟವನ್ನು ಕಣ್ಣಿಗೆ ತೋರಿಸದೆ ಬಿಡುವುದು ಮೇಲು. ಆ ತಾಳ ಯಾವತ್ತು ನಿಲ್ಲುತ್ತದೆ ಅಂತ ಕಾಯುವ ಹಾಗೆ ಮಾಡಿದರೆ ಅದೇ ಒಂದು ಕಥೆ.

ಇನ್ನು ಕೊಟ್ಟಿಗೆಯ ಮಳೆ. ಮಿಕೋಲ್ ಮತ್ತು ಹುಡುಗ ಮಳೆಗೆ ಓಡಿಬಂದು, ನಿಂತುಹೋದ ಹಳೆಯ ಸಾರೋಟಿನೊಳಗೆ ಕೂರುತ್ತಾರೆ. ಇಬ್ಬರೇ. ಅವನು ಒಂದು ಮಾತು ಆಡಿದ್ದರೆ ಏನಾಗುತ್ತಿತ್ತೋ. ಆಡುವುದಿಲ್ಲ. ಅವಳು ವೆನಿಸ್‌ಗೆ ಹೊರಟುಹೋಗುತ್ತಾಳೆ, ಅವನು ಆಮೇಲೆ ತಿಂಗಳುಗಟ್ಟಲೆ ಕೊರಗುತ್ತಾನೆ. ಸಿನಿಮಾದಲ್ಲಿ ಇಂಥ ಕ್ಷಣ ಹತ್ತು ಸೆಕೆಂಡಿನಲ್ಲಿ ಸರಿದುಹೋಗುತ್ತದೆ. ಒಪೆರಾಗೆ ಮಾತ್ರ ಗಡಿಯಾರ ನಿಲ್ಲಿಸುವ ಶಕ್ತಿ ಇದೆ. ನಡೆಯದ ಒಂದು ಮುತ್ತನ್ನು ಅದು ನಾಲ್ಕು ನಿಮಿಷ ಹಾಡಬಲ್ಲದು. ಕಾದಂಬರಿಯಿಂದ ಒಪೆರಾಕ್ಕೆ ಬರುವಾಗ ಕಳೆದುಕೊಳ್ಳುವುದೇ ಜಾಸ್ತಿ, ಹಾಡಿದರೆ ಮಾತಿಗಿಂತ ಎರಡು ಮೂರು ಪಟ್ಟು ಹೊತ್ತು ಹಿಡಿಯುತ್ತದೆ, ಮುಕ್ಕಾಲು ಪಾಲು ಕತ್ತರಿಸಲೇಬೇಕು. ಇಲ್ಲಿ ಮಾತ್ರ ಗಳಿಕೆ.

ಸಿನಿಮಾ ಮಾಡಿದ ಎರಡು ಕೆಲಸ

ವಿತ್ತೋರಿಯೊ ದೆ ಸೀಕಾ ಈ ಕಾದಂಬರಿಯನ್ನು 1970ರಲ್ಲಿ ಸಿನಿಮಾ ಮಾಡಿದರು. ಬರ್ಲಿನ್‌ನಲ್ಲಿ ಚಿನ್ನದ ಕರಡಿ ಬಂತು, ವಿದೇಶಿ ಭಾಷೆಯ ಚಿತ್ರಕ್ಕೆ ಕೊಡುವ ಆಸ್ಕರ್ ಬಂತು. ಬಸ್ಸಾನಿಯವರಿಗೆ ಮಾತ್ರ ಸಿಟ್ಟು ಬಂತು. ಚಿತ್ರಕಥೆಯಲ್ಲಿ ಮೊದಲು ಕೈಜೋಡಿಸಿದ್ದವರು ಜಗಳವಾಡಿ ತಮ್ಮ ಹೆಸರು ತೆಗೆಸಿದರು, ತೋಟಕ್ಕೆ ದ್ರೋಹವಾಯಿತು ಅಂತ ಬರೆದರು.

ಯಾಕೆ ಅಂತ ಎರಡು ದೃಶ್ಯ ನೋಡಿದರೆ ಗೊತ್ತಾಗುತ್ತದೆ. ಕಾದಂಬರಿಯಲ್ಲಿ ಹುಡುಗ ಒಂದು ರಾತ್ರಿ ಗೋಡೆ ಹಾರಿ ತೋಟಕ್ಕೆ ಬರುತ್ತಾನೆ. ಟೆನಿಸ್ ಅಂಗಳದ ಪಕ್ಕ ಬಟ್ಟೆ ಬದಲಿಸುವ ಗುಡಿಸಲು. ಒಳಗೆ ಮಿಕೋಲ್ ಮತ್ತು ಮಾಲ್ನಾತೆ ಇರಬಹುದು ಅಂತ ಅವನಿಗೆ ಅನ್ನಿಸುತ್ತದೆ. ಹೋಗಿ ನೋಡುವುದಿಲ್ಲ. ವಾಪಸ್ ಹೋಗುತ್ತಾನೆ. ಇದ್ದರೋ ಇಲ್ಲವೋ ನಮಗೂ ಗೊತ್ತಾಗುವುದಿಲ್ಲ. ಸಿನಿಮಾದಲ್ಲಿ ಅವನು ಕಿಟಕಿಯಲ್ಲಿ ನೋಡುತ್ತಾನೆ, ನಾವೂ ನೋಡುತ್ತೇವೆ. ಎರಡನೆಯದು ಕೊನೆ. ಸಿನಿಮಾ ಬಂಧನವನ್ನು ತೋರಿಸುತ್ತದೆ. ಶಾಲೆಯ ಕೋಣೆಯಲ್ಲಿ ಜನರನ್ನು ಕೂಡಿಹಾಕಿದ್ದಾರೆ. ಮಿಕೋಲ್ ಮತ್ತು ಹುಡುಗನ ಅಪ್ಪ ಅಲ್ಲಿ ಎದುರಾಗುತ್ತಾರೆ. ಆಮೇಲೆ ಸತ್ತವರಿಗಾಗಿ ಹೇಳುವ ಹೀಬ್ರೂ ಪ್ರಾರ್ಥನೆ, ಬರಿದಾದ ಟೆನಿಸ್ ಅಂಗಳ.

ನಾನು ಆ ಸಿನಿಮಾ ನೋಡಿ ಅತ್ತವನೇ. ಆದರೂ ಬಸ್ಸಾನಿಯವರ ಕಡೆಗೇ ನನ್ನ ಓಟು. ಕಿಟಕಿಯಲ್ಲಿ ನೋಡಿದ ಮೇಲೆ ಮಿಕೋಲ್ ಒಬ್ಬ ಹುಡುಗಿ, ಅಷ್ಟೇ. ನೋಡದೆ ಇದ್ದಾಗ ಅವಳು ತನ್ನ ಗುಟ್ಟನ್ನು ತನ್ನ ಜೊತೆಗೇ ಒಯ್ದವಳು. ಕೊಲ್ಲುವವರು ಅವಳಿಂದ ಎಲ್ಲ ಕಸಿದುಕೊಂಡರು. ಇದೊಂದನ್ನಾದರೂ ಬಸ್ಸಾನಿ ಅವಳಿಗೆ ಉಳಿಸಿಕೊಟ್ಟಿದ್ದರು, ಅಲ್ವಾ?

ಶಿಬಿರವನ್ನೇ ರಂಗಕ್ಕೆ ತಂದ ಒಪೆರಾವೂ ಇದೆ ಅಂತ ಹೇಳಿಬಿಡಬೇಕು. ವೈನ್‌ಬರ್ಗ್ ಎಂಬ ಸಂಗೀತಗಾರರು 1968ರಲ್ಲಿ ಬರೆದು ಮುಗಿಸಿದ 'ಪ್ರಯಾಣಿಕೆ', 2010ರಲ್ಲಿ ಬ್ರೆಗೆಂಟ್ಸ್‌ನಲ್ಲಿ ರಂಗಕ್ಕೆ ಬಂತು. ಮೇಲೆ ಹಡಗು, ಕೆಳಗೆ ಆಶ್‌ವಿಟ್ಸ್. ಅದರ ಮೂಲ ಕಾದಂಬರಿ ಬರೆದವರು ಆ ಶಿಬಿರದಲ್ಲಿದ್ದು ಬಂದವರು. ಅಲ್ಲಿ ಅದು ಸರಿ. ಬಸ್ಸಾನಿಯವರ ಪುಸ್ತಕ ನಿಲ್ಲುವುದು ಗೇಟಿನ ಈಚೆಗೆ. ಅದರ ಜೊತೆ ಈಚೆಗೇ ನಿಲ್ಲಬೇಕು.

ಕೊನೆಯ ದೃಶ್ಯಕ್ಕೆ ನನ್ನ ಲೆಕ್ಕ

ಇದು ನ್ಯೂಯಾರ್ಕಿನ ತಂಡದ ಮಾತಲ್ಲ, ನನ್ನದು.

ಪುಸ್ತಕ ಶುರುವಾಗುವುದು 1957ರಲ್ಲಿ, ರೋಮ್ ಹತ್ತಿರದ ಚೆರ್ವೆತೆರಿಯಲ್ಲಿ. ಎರಡೂವರೆ ಸಾವಿರ ವರ್ಷ ಹಳೆಯ ಎಟ್ರಸ್ಕನ್ ಗೋರಿಗಳನ್ನು ನೋಡಲು ಗೆಳೆಯರು ಹೋಗಿದ್ದಾರೆ. ಜೊತೆಗೆ ಜಾನ್ನೀನಾ ಎಂಬ ಪುಟ್ಟ ಹುಡುಗಿ. ಹಳೆಯ ಗೋರಿ ನೋಡಿದರೆ ಹೊಸ ಗೋರಿಯಷ್ಟು ಬೇಜಾರಾಗುವುದಿಲ್ಲ, ಯಾಕಪ್ಪ ಅಂತ ಕೇಳುತ್ತಾಳೆ. ಅವರು ಸತ್ತು ಬಹಳ ಕಾಲವಾಯಿತು, ಬದುಕೇ ಇರಲಿಲ್ಲವೇನೋ ಅನ್ನಿಸುತ್ತದೆ ಅನ್ನುತ್ತಾನೆ ಅಪ್ಪ. ನೀನು ಹಾಗೆ ಹೇಳಿದ ಮೇಲೆ, ಅವರೂ ಬದುಕಿದ್ದರು ಅಂತ ನೆನಪಾಗಿ ಅವರ ಮೇಲೂ ಪ್ರೀತಿ ಬರುತ್ತಿದೆ ಅನ್ನುತ್ತಾಳೆ ಅವಳು. ಒಪೆರಾ ಕೂಡ ಇಲ್ಲೇ ಶುರುವಾಗಲಿ. ಮಗುವಿನ ದನಿ ಮೊದಲು. ಗೋರಿ ಸಿಗದವರ ಸಂಗತಿಯನ್ನು ಆಗಲೇ ಮಾತಿನಲ್ಲಿ ಹೇಳಿಬಿಡಲಿ. ಹಾಡುವುದು ಬೇಡ.

ಕೊನೆಗೆ ಲಾರಿ ಬೇಡ, ರೈಲು ಬೇಡ. 1942, ಆಲ್ಬೆರ್ತೊನ ಶವಸಂಸ್ಕಾರ. ಆ ಮನೆಯಲ್ಲಿ ಕುಟುಂಬದ ಗೋರಿಗೆ ಸೇರಿದ ಕೊನೆಯವನು ಅವನು. ಕಾದಂಬರಿ ಇದನ್ನು ವಿಸ್ತರಿಸುವುದಿಲ್ಲ, ಒಪೆರಾ ವಿಸ್ತರಿಸಬಹುದು. ಸತ್ತವರಿಗಾಗಿ ಹೇಳುವ ಕದ್ದೀಶ್ ಪ್ರಾರ್ಥನೆಯಲ್ಲಿ ಸಾವಿನ ಮಾತೇ ಬರುವುದಿಲ್ಲ, ಬರೀ ದೇವರ ಹೊಗಳಿಕೆ. ಅದನ್ನು ಹೇಳಲು ಹಳೆಯ ಪದ್ಧತಿಯಂತೆ ಹತ್ತು ಜನ ಗಂಡಸರು ಬೇಕು. ಜನರನ್ನು ಒಂದು ಎರಡು ಅಂತ ಎಣಿಸಬಾರದು ಅಂತ ಯಹೂದಿಗಳಲ್ಲಿ ಒಂದು ರೂಢಿ. ಅದಕ್ಕೇ ಹತ್ತು ಪದಗಳ ಒಂದು ಸಾಲು ಹೇಳುತ್ತಾರೆ, 28ನೇ ಕೀರ್ತನೆಯ ಕೊನೆಯ ಸಾಲು. ನಿನ್ನ ಜನರನ್ನು ಕಾಪಾಡು ಅಂತ ಅದು ಶುರುವಾಗುತ್ತದೆ. ತಲೆಗೊಂದು ಪದ.

ಪ್ರೊಫೆಸರ್ ಎರ್ಮಾನ್ನೊಗೆ ಒಂದು ಪದ. ಹುಡುಗನ ಅಪ್ಪನಿಗೆ ಒಂದು. ಹುಡುಗನಿಗೆ ಒಂದು. ಊರಿನ ಉಳಿದ ಗಂಡಸರಿಗೆ ಒಂದೊಂದು. ಗಾಡಿ ಹೊಡೆಯುವ ಪೆರೊಟ್ಟಿ ದೂರದಲ್ಲಿ ಟೋಪಿ ತೆಗೆದು ನಿಂತಿದ್ದಾನೆ, ಅವನು ಕ್ಯಾಥೊಲಿಕ್, ಲೆಕ್ಕಕ್ಕಿಲ್ಲ. ಮಿಕೋಲ್ ಹೆಂಗಸು, ಅವಳೂ ಲೆಕ್ಕಕ್ಕಿಲ್ಲ. ಎಣಿಸುವವನು ನಿಧಾನವಾಗಿ ಒಬ್ಬೊಬ್ಬರ ಮುಖ ನೋಡುತ್ತಾ ಪದ ಹಾಡುತ್ತಾನೆ. ಹತ್ತನೆಯ ಪದಕ್ಕೆ ಹತ್ತನೆಯವನು ಸಿಗುತ್ತಾನೆ. ಆ ವರ್ಷ ಇನ್ನೂ ಸಿಗುತ್ತಾನೆ.